ಮೈದನಹಳ್ಳಿಯ ಬಯಲಿಗೂ ಅದರ ಸುತ್ತಲಿನ ಜನರಿಗೂ

ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ 10 ವರ್ಷ ತೆಗೆದ ಕೃಷ್ಣಮೃಗಗಳ ಛಾಯಾಚಿತ್ರಗಳಿಂದ 40ನ್ನು ಆಯ್ದು, ಮಧುಗಿರಿ ತಾಲ್ಲೂಕಿನ ಶಾಲೆಯಿಂದ ಶಾಲೆಗೆ ಹೊತ್ತು ತಿರುಗಿದ ನಮ್ಮ ಪುಟ್ಟ ಪ್ರದರ್ಶನ ಕಳೆದ ಶನಿವಾರ ಮುಗಿಯಿತು. ಪ್ರತಿ ಚಿತ್ರದ ಕೆಳಗೂ ನನ್ನ ಹೆಸರೊಂದೇ ಇದ್ದುದರಿಂದ, ಅಲ್ಲಿ ಕಾಣದ ಋಣವನ್ನು ಇಲ್ಲಿ ಬರೆಯಬೇಕಾಗಿದೆ.

ಮೊದಲ ವಂದನೆ ಕುರಿ ಮೇಯಿಸುವ ಹಿರಿಯರೊಬ್ಬರಿಗೆ. ಹೊಸದರಲ್ಲಿ ಒಂದು ಬೆಳಿಗ್ಗೆ ಹುಲ್ಲಿನ ನಡುವೆ ಮುದುಡಿ ಮಲಗಿದ್ದ ಮರಿಯನ್ನು ಕಂಡು, ತಾಯಿಯಿಂದ ತಪ್ಪಿಸಿಕೊಂಡದ್ದೆಂದು ತಿಳಿದು, ಕ್ಯಾಮೆರಾ ಹಿಡಿದು ಅದರ ಎದುರಿಗೇ ಮಂಡಿಯೂರಿದ್ದೆ. ಅವರು ದೂರದಿಂದಲೇ ಕೈಬೀಸಿ ಕರೆದು, ಎಳೆಯ ಮರಿಯನ್ನು ತಾಯಿಯೇ ಹೀಗೆ ಅಡಗಿಸಿಟ್ಟು ಆಚೆ ಮೇಯುತ್ತಿರುತ್ತದೆ, ಹಾಲೂಡಿಸುವುದಕ್ಕಷ್ಟೇ ಬರುತ್ತದೆ, ನೀವು ಅಲ್ಲಿರುವಷ್ಟು ಹೊತ್ತೂ ಹತ್ತಿರ ಸುಳಿಯುವುದಿಲ್ಲ ಎಂದು ತಿಳಿಹೇಳಿದರು. ನಾವಿಬ್ಬರೂ ದೂರದ ಬದುವಿನ ಮರೆಯಲ್ಲಿ ಕೂತೆವು. ಸುಮಾರು ಒಂದು ಗಂಟೆಯ ಮೇಲೆ ಹೆಣ್ಣೊಂದು ನಿಂತು ನಿಂತು ನೋಡುತ್ತ ಬಂದಿತು. ಆ ಮರಿಯ ಚಿತ್ರ ನನ್ನ ಬಳಿ ಇಲ್ಲ. ಇಲ್ಲದಿರುವುದಕ್ಕೆ ಅವರಿಗೆ ಕೃತಜ್ಞನಾಗಿದ್ದೇನೆ.

ಓಡುವ ಹಿಂಡಿನ ಆಸೆಗೆ ದಾರಿ ಬಿಟ್ಟು ಹುಲ್ಲಿನ ಮೇಲೆ ಬೈಕ್ ಇಳಿಸಿದ್ದ ನನ್ನನ್ನು ತಡೆದು ಗದರಿದ ಅರಣ್ಯ ಕಾವಲುಗಾರರಿಗೂ ನಾನು ಋಣಿ. ಗದರಿ ಸುಮ್ಮನಾಗದೆ, ಗಂಡುಗಳು ತಮ್ಮ ಗಡಿಯನ್ನು ಸಾರಲು ಒಂದೇ ಜಾಗದಲ್ಲಿ ಹಾಕುವ ಹಿಕ್ಕೆಯ ಗುಡ್ಡೆಗಳನ್ನು ತೋರಿಸಿ, ದೂರದಲ್ಲಿ ಅಲುಗದೆ ಕೂತರೆ ಕರಿಯ ಗಂಡು ತಾನಾಗಿಯೇ ಬರುತ್ತದೆ ಎಂದರು. ಮಕ್ಕಳು ಹೆಚ್ಚು ಹೊತ್ತು ನಿಂತು ನೋಡಿದ, ಸುರುಳಿ ಕೊಂಬಿನ ಗಂಡಿನ ಚಿತ್ರ ಹಾಗೆ ಕೂತು ತೆಗೆದದ್ದು.

2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಈ ಜಾಗ ಸುಮಾರು 798 ಎಕರೆಯಷ್ಟೇ. ಆ ಎಲ್ಲೆ ಮೃಗಗಳಿಗೆ ತಿಳಿಯದು. ಸುತ್ತಲಿನ ರೈತರು ಬಿತ್ತಿದ ಕಡಲೆಕಾಯಿಯ ಚಿಗುರನ್ನು ಹಿಂಡು ಮೇಯ್ದು ಹೋದಾಗ ಆಗುವ ನಷ್ಟವನ್ನು ಯಾವ ಛಾಯಾಚಿತ್ರವೂ ತುಂಬಿಕೊಡಲಾರದು. ಪ್ರದರ್ಶನಕ್ಕೆ ಬಂದಿದ್ದ ರೈತ ಮಹಿಳೆಯೊಬ್ಬರು ಒಂದು ಚಿತ್ರದ ಮುಂದೆ ನಿಂತು, “ಚೆನ್ನಾಗಿ ಬಂದೈತೆ, ಮೈತುಂಬಾ ನಮ್ ಹೊಲದ್ದೇ ಮೇವು” ಎಂದು ನಕ್ಕರು. ಸಂರಕ್ಷಣೆಯ ಬಗ್ಗೆ ಮಾತನಾಡುವ ನಮ್ಮಂಥವರಿಗಿಂತ ಅದರ ಖರ್ಚನ್ನು ಹೊರುವ ಅವರಿಗೆ ನನ್ನ ದೊಡ್ಡ ನಮಸ್ಕಾರ.

ಪಾಠದ ಅವಧಿಯನ್ನೇ ಬಿಟ್ಟುಕೊಟ್ಟ ಶಿಕ್ಷಕರಿಗೂ ವಂದನೆಗಳು. ಇಷ್ಟು ದೊಡ್ಡ ಬಯಲಿನಲ್ಲಿ ಮರ ಏಕೆ ನೆಟ್ಟಿಲ್ಲವೆಂದು ಏಳನೆಯ ತರಗತಿಯ ಹುಡುಗಿ ಕೇಳಿದಾಗ, ದೂರದಿಂದಲೇ ಅಪಾಯವನ್ನು ಕಂಡು ಓಡಿ ಬದುಕುವ ಪ್ರಾಣಿಗೆ ಬಯಲೇ ಮನೆ ಎಂದು ವಿವರಿಸಿದವರು ನಾನಲ್ಲ, ಅವರ ವಿಜ್ಞಾನದ ಮೇಷ್ಟ್ರು. ಹುಲ್ಲುಗಾವಲನ್ನು ಬಂಜರೆಂದು ಕರೆಯುವ ದೊಡ್ಡವರೂ ಆ ಪಾಠದಲ್ಲಿ ಕೂತಿದ್ದರೆ ಚೆನ್ನಾಗಿತ್ತು.

ನನ್ನ ಭಾನುವಾರಗಳನ್ನು ಬಯಲಿಗೆ ಬಿಟ್ಟುಕೊಟ್ಟ ಮನೆಯವರಿಗೆ ಏನು ಹೇಳಿದರೂ ಕಡಿಮೆಯೇ.

ಚಿತ್ರಗಳು ಕೊನೆಯ ಶಾಲೆಯಲ್ಲಿಯೇ ಉಳಿಯಲಿವೆ. ಸಾಗಣೆಯಲ್ಲಿ ಎರಡು ಚೌಕಟ್ಟುಗಳ ಗಾಜು ಒಡೆದಿದೆ. ಮುಂದಿನ ವಾರ ಬಂದು ಹಾಕಿಸಿಕೊಡುತ್ತೇನೆ.