ಗೇರುಬೀಜ ಕಾರ್ಖಾನೆಗೆ ಬ್ಯಾಟರಿ: ಲೆಕ್ಕ ಮೊದಲು, ಖರೀದಿ ಆಮೇಲೆ

ಸಂಪಾದಕರೇ,

ಸೂಪಾ, ಕದ್ರಾ, ಕೊಡಸಳ್ಳಿ, ಕೈಗಾ ವಿದ್ಯುತ್ ಸ್ಥಾವರಗಳೆಲ್ಲವೂ ಇರುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಳೆಗಾಲದ ಗಾಳಿಗೆ ಲೈನ್ ಮೇಲೆ ಒಂದು ಮರ ಬಿದ್ದರೆ ಸಾಕು, ಕುಮಟಾ, ಅಂಕೋಲಾ ಕಡೆಯ ಕಾರ್ಖಾನೆಗಳು ಕತ್ತಲಲ್ಲಿ ಕೂರಬೇಕು. ಆ ದೂರು ಹಳೆಯದು, ಇರಲಿ. ಜನರೇಟರ್ ಮಾರಿ ಲಿಥಿಯಂ ಬ್ಯಾಟರಿ ಹಾಕಿಸಲು ಹೊರಟ ಸಣ್ಣ ಕಾರ್ಖಾನೆಯವರು ಕೇಳುವ ಮೊದಲ ಪ್ರಶ್ನೆಯೇ ತಪ್ಪು ಎಂದು ಹೇಳಲು ಈ ಪತ್ರ. "ಇಡೀ ಫ್ಯಾಕ್ಟರಿ ಎಷ್ಟು ತಾಸು ನಡೆಯುತ್ತದೆ?" ಎಂದು ಕೇಳುತ್ತಾರೆ. ಯಾವುದು ನಿಂತರೆ ಹಾನಿ ಎಂದು ಕೇಳಬೇಕು.

ಐಸ್ ಪ್ಲಾಂಟ್‌ನ 30 ಎಚ್‌ಪಿ ಕಂಪ್ರೆಸರ್‌ಗೆ ಬ್ಯಾಟರಿ ಕೊಡುವುದು ದುಡ್ಡು ಸಮುದ್ರಕ್ಕೆ ಹಾಕಿದಂತೆ. ಅಲ್ಲಿ ತಣ್ಣಗಾದ ಉಪ್ಪುನೀರಿನ ಟ್ಯಾಂಕೇ ಬ್ಯಾಟರಿ. ಮುಚ್ಚಳ ತೆಗೆಯದಿದ್ದರೆ ಸ್ವಲ್ಪ ಹೊತ್ತು ಕಂಪ್ರೆಸರ್ ನಿಂತರೂ ಮಂಜುಗಡ್ಡೆ ಕರಗಿಹೋಗುವುದಿಲ್ಲ.

ಗೇರುಬೀಜದ ಕಥೆ ಬೇರೆ. ಕರೆಂಟ್ ಹೋದರೂ ಬಾಯ್ಲರ್‌ನ ಬೆಂಕಿ ಆರುವುದಿಲ್ಲ. ಬಾಯ್ಲರಿಗೆ ನೀರು ತುಂಬುವ ಫೀಡ್ ಪಂಪ್ ನಿಂತಿದೆ, ಉಗಿ ಏಳುತ್ತಲೇ ಇದೆ, ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಇಳಿಯುತ್ತಿದೆ. ಗ್ಲಾಸಿನಲ್ಲಿ ನೀರೇ ಕಾಣದಷ್ಟು ಇಳಿದ ಮೇಲೆ ಕರೆಂಟ್ ಬಂತೆಂದು ಪಂಪ್ ಹಾಕಿದರೆ ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ದು ಬಾಯ್ಲರ್ ಸಿಡಿಯಬಹುದು. ಬೀಜ ಒಣಗಿಸುವ ಬೋರ್ಮಾದ ಫ್ಯಾನ್ ನಿಂತರೆ ಶಾಖದ ಬದಿಯ ಟ್ರೇಗಳು ಕೆಂಪಾಗಿ ಬಿಳಿ ಗ್ರೇಡಿನ ಬೀಜ ಸುಟ್ಟ ಗ್ರೇಡಿಗೆ ಇಳಿಯುತ್ತದೆ. ಬ್ಯಾಟರಿ ಬೇಕಿರುವುದು ಇವಕ್ಕೆ. ಕಲರ್ ಸಾರ್ಟರ್‌ಗೆ (ಬಣ್ಣ ನೋಡಿ ಬೀಜ ಬೇರ್ಪಡಿಸುವ ಯಂತ್ರ) ಬ್ಯಾಟರಿ ಕೊಡುವುದಾದರೆ ಅದರ ಕಂಪ್ಯೂಟರ್ ಭಾಗಕ್ಕೆ ಮಾತ್ರ ಸಾಕು. ಅದನ್ನು ಪೂರ್ತಿ ಓಡಿಸಲು ಏರ್ ಕಂಪ್ರೆಸರ್ ಕೂಡ ಬೇಕಾಗುತ್ತದೆ.

ಲೆಕ್ಕ ಹೀಗೆ. ಪಂಪ್ 2.2, ಫ್ಯಾನ್ 1.5, ಸಾರ್ಟರ್‌ನ ಕಂಪ್ಯೂಟರ್ 0.5, ದೀಪ ಇತ್ಯಾದಿ 0.8, ಒಟ್ಟು 5 ಕಿಲೋವ್ಯಾಟ್. ಎರಡು ತಾಸಿಗೆ 10 ಯೂನಿಟ್. ಬ್ಯಾಟರಿಯನ್ನು ಶೇ 85ಕ್ಕಿಂತ ಹೆಚ್ಚು ಬರಿದು ಮಾಡಬಾರದು, ಇನ್ವರ್ಟರ್‌ನಲ್ಲಿ ಶೇ 10 ನಷ್ಟ. ಅಲ್ಲಿಗೆ 13 ಯೂನಿಟ್. 51.2 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ ಒಂದರಲ್ಲಿ 5.12 ಯೂನಿಟ್ ಇರುತ್ತದೆ. ಮೂರು ಪ್ಯಾಕ್ ಸಾಕು.

ಇನ್ವರ್ಟರ್ ಆರಿಸುವಲ್ಲಿ ಹೆಚ್ಚಿನವರು ಎಡವುತ್ತಾರೆ. 3 ಎಚ್‌ಪಿ ಪಂಪ್ ಓಡುವಾಗ 5 ಆಂಪಿಯರ್ ಒಳಗೇ ಎಳೆಯುತ್ತದೆ, ಆದರೆ ನೇರ ಸ್ಟಾರ್ಟರ್‌ನಲ್ಲಿ ಏಳುವ ಕ್ಷಣ ಅದರ ಆರು ಪಟ್ಟು. ಅಂದರೆ ಸುಮಾರು 20 ಕೆವಿಎ. 10 ಕೆವಿಎ ಇನ್ವರ್ಟರ್ ಟ್ರಿಪ್ ಆಗುತ್ತದೆ, ಬೈಗುಳ ಬ್ಯಾಟರಿಗೆ ಬೀಳುತ್ತದೆ. ಪಂಪ್‌ಗೂ ಫ್ಯಾನ್‌ಗೂ ಮೋಟಾರಿನ ವೇಗವನ್ನು ನಿಧಾನವಾಗಿ ಏರಿಸುವ ಒಂದೊಂದು ವಿಎಫ್‌ಡಿ ಹಾಕಿ, ಹತ್ತು ಸೆಕೆಂಡಿನಲ್ಲಿ ವೇಗ ಏರುವಂತೆ ಇಟ್ಟರೆ ಅದೇ ಇನ್ವರ್ಟರ್ ಸಲೀಸಾಗಿ ಎಳೆಯುತ್ತದೆ.

ಹಳೆ ಟ್ಯೂಬುಲರ್ (ಸೀಸ-ಆಮ್ಲ) ಬ್ಯಾಟರಿ ಇದ್ದ ಇನ್ವರ್ಟರ್‌ಗೆ ಲಿಥಿಯಂ ಜೋಡಿಸುವಾಗ ಸೆಟ್ಟಿಂಗ್ ಬದಲಿಸಲೇಬೇಕು. 16 ಸೆಲ್‌ಗೆ ಚಾರ್ಜ್ 56 ವೋಲ್ಟ್ ಆಸುಪಾಸು, ಈಕ್ವಲೈಜ್ (ಹಳೆ ಬ್ಯಾಟರಿಗೆ ಕೊಡುವ ಹೆಚ್ಚು ವೋಲ್ಟೇಜಿನ ಚಾರ್ಜ್) ಬಂದ್. ಇಲ್ಲವಾದರೆ ವೋಲ್ಟೇಜ್ ಮೇಲೇರಿ ಬಿಎಂಎಸ್ (ಪ್ಯಾಕಿನೊಳಗಿನ ಕಾವಲು ಸರ್ಕ್ಯೂಟ್) ತಟ್ಟನೆ ಬ್ಯಾಟರಿಯ ಸಂಪರ್ಕ ಕಡಿಯುತ್ತದೆ. ಮೂರೂ ಪ್ಯಾಕಿನ ಕೇಬಲ್ ಒಂದೇ ಉದ್ದ ಇರಲಿ, ಉದ್ದ ಹೆಚ್ಚುಕಡಿಮೆಯಾದರೆ ಹತ್ತಿರದ ಪ್ಯಾಕೇ ದುಡಿದು ಸವೆಯುತ್ತದೆ. 5 ಕಿಲೋವ್ಯಾಟ್‌ಗೆ ಡಿಸಿ ಬದಿಯಲ್ಲಿ 110 ಆಂಪಿಯರ್ ಹರಿಯುತ್ತದೆ, ಇನ್ವರ್ಟರ್ ಪೂರ್ತಿ ದುಡಿದರೆ 200ರ ಹತ್ತಿರ. ಮುಖ್ಯ ಕೇಬಲ್ 70 ಚದರ ಮಿಲಿಮೀಟರ್ ತಾಮ್ರದ್ದೇ ಆಗಲಿ. ಡಿಸಿಗೆ ಡಿಸಿ ಬ್ರೇಕರೇ ಬೇಕು; ಮನೆಯ ಎಂಸಿಬಿ ಹಾಕಿದರೆ ಬಿಡಿಸುವಾಗ ಎದ್ದ ಕಿಡಿ ಆರುವುದಿಲ್ಲ.

ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಯೇ ದೊಡ್ಡ ಶತ್ರು. ಕೇಬಲ್ ತುದಿಗೆ ತವರ ಲೇಪಿಸಿದ ಲಗ್, ಮೇಲೆ ಪೆಟ್ರೋಲಿಯಂ ಜೆಲ್ಲಿ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನಟ್ಟು ಬಿಗಿ. ಬಾಯ್ಲರ್ ಕೋಣೆಯ ಗೋಡೆಗೆ ಒತ್ತಿ ಇಡಬೇಡಿ, 45 ಡಿಗ್ರಿ ದಾಟಿದರೆ ಆಯುಷ್ಯ ಕಡಿಮೆ. ಗಂಗಾವಳಿ, ಕಾಳಿ ದಂಡೆಯವರು ನೆರೆಯ ಗುರುತಿಗಿಂತ ಮೇಲೆ ಕಟ್ಟೆ ಕಟ್ಟಿ ಇಡಿ.

ಹಾಗೆಂದು ಜನರೇಟರ್ ಬೇಡವೇ? ಬೇಕು. ಕಂಬ ಉರುಳಿದರೆ ಕರೆಂಟ್ ಎರಡು ತಾಸಿಗೆ ಬರುವುದಿಲ್ಲ. ಆದರೆ 62.5 ಕೆವಿಎ ಜನರೇಟರನ್ನು 5 ಕಿಲೋವ್ಯಾಟ್‌ಗಾಗಿ ಓಡಿಸಿದರೆ ತಾಸಿಗೆ ನಾಲ್ಕು ಲೀಟರಿನಷ್ಟು ಡೀಸೆಲ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೂ ಯೂನಿಟ್‌ಗೆ 72 ರೂಪಾಯಿ. ಹೀಗೆ ಹಗುರ ಲೋಡ್‌ನಲ್ಲೇ ಓಡಿದರೆ ಸೈಲೆನ್ಸರ್‌ನಲ್ಲಿ ಮಸಿಯೂ ಕಟ್ಟುತ್ತದೆ. ಬದಲಿಗೆ 15 ಕೆವಿಎಯದು ಸಾಕು: ಲೋಡ್‌ಗೆ 5, ಚಾರ್ಜಿಂಗ್‌ಗೆ 5.5 ಕಿಲೋವ್ಯಾಟ್. ಎರಡೂವರೆ ತಾಸು ಓಡಿಸಿ, ಮುಂದಿನ ಎರಡು ತಾಸು ನಿಲ್ಲಿಸಬಹುದು. ಚಾರ್ಜಿಂಗ್ ಮಿತಿಯನ್ನು ಇನ್ವರ್ಟರ್‌ನಲ್ಲಿ ಇಡಲು ಮರೆತರೆ ಜನರೇಟರ್ ಉಸಿರುಕಟ್ಟುತ್ತದೆ.

ಮೇಲ್ಛಾವಣಿಯಲ್ಲಿ ಸೋಲಾರ್ ಇದೆ, ಬ್ಯಾಟರಿ ಯಾಕೆ ಎನ್ನುವವರೂ ಇದ್ದಾರೆ. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್ ಲೈನ್ ಹೋದೊಡನೆ ತಾನೂ ನಿಲ್ಲುತ್ತದೆ, ಕಂಬದ ಮೇಲಿರುವ ಲೈನ್‌ಮನ್‌ಗೆ ಹೊಡೆಯಬಾರದೆಂದು.

ಅದೇ ಕಾರಣಕ್ಕೆ ಬ್ಯಾಟರಿಗೂ ಜನರೇಟರಿಗೂ ಹೆಸ್ಕಾಂ ಲೈನಿಗೂ ನಡುವೆ ಇಂಟರ್‌ಲಾಕ್ ಇರುವ ಚೇಂಜ್‌ಓವರ್ ಸ್ವಿಚ್ ಕಡ್ಡಾಯವಾಗಿ ಇರಲಿ. ಲೈನ್ ರಿಪೇರಿ ಆದ ಮೇಲೆ ಫೇಸ್ ಅದಲುಬದಲಾಗಿ ಮೋಟಾರ್ ಉಲ್ಟಾ ತಿರುಗುವುದೂ ಉಂಟು. ಇನ್‌ಕಮರ್‌ನಲ್ಲಿ ಫೇಸ್ ಕ್ರಮ ತಪ್ಪಿದರೆ ಲೈನ್ ಕಡಿಯುವ ಫೇಸ್ ಸೀಕ್ವೆನ್ಸ್ ರಿಲೇ ಹಾಕಿಸಿ.

ಇಬ್ಬರು ಎಲೆಕ್ಟ್ರಿಕಲ್ ಗುತ್ತಿಗೆದಾರರು
ಕುಮಟಾ