ಹಳೆಯ ಬುಲೆಟ್‌ಗೆ ಹೊಸ ಸ್ವಿಂಗ್‌ಆರ್ಮ್: ನಮ್ಮ ಗ್ರಾಹಕರಿಗೆ ಒಂದು ಪತ್ರ

ಮಾನ್ಯ ಗ್ರಾಹಕರೇ,

ಕಾಸ್ಟ್ ಐರನ್ (ಎರಕದ ಕಬ್ಬಿಣ) ಎಂಜಿನ್‌ನ ಹಳೆಯ ರಾಯಲ್ ಎನ್‌ಫೀಲ್ಡ್ ಬುಲೆಟ್‌ಗಳಿಗೆ ಹೊಸ ಮಾದರಿಯ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದು ಮೇಲೆ-ಕೆಳಗೆ ಆಡುವ ತೋಳು) ಕೂರಿಸಿಕೊಡುವ ಕೆಲಸವನ್ನು ನಮ್ಮ ಗ್ಯಾರೇಜಿನಲ್ಲಿ ಇನ್ನು ಮೊದಲಿನಂತೆ ಒಪ್ಪಿಕೊಳ್ಳುವುದಿಲ್ಲ. ಚಾಸಿಯನ್ನು ಕತ್ತರಿಸದೆ, ಅದಕ್ಕೆ ವೆಲ್ಡಿಂಗ್ ಮಾಡದೆ ಕೂರುವುದಾದರೆ ಮಾತ್ರ ಮಾಡಿಕೊಡುತ್ತೇವೆ. ಉಳಿದ ಗಾಡಿಗಳಿಗೆ ಹಳೆಯ ಸ್ವಿಂಗ್‌ಆರ್ಮನ್ನೇ ಸರಿಪಡಿಸಿಕೊಡುತ್ತೇವೆ.

ಈ ಬದಲಾವಣೆಯನ್ನು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರ ದೂರು ಹಿಂದಿನ ಚಕ್ರ ಓಲಾಡುತ್ತದೆ ಎಂಬುದು. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರವನ್ನಲ್ಲ, ಸ್ವಿಂಗ್‌ಆರ್ಮನ್ನೇ ಹಿಡಿದು ಅಡ್ಡಕ್ಕೆ ಅಲುಗಾಡಿಸಿದಾಗ ಸಡಿಲ ಕಂಡರೆ ಸಾಮಾನ್ಯವಾಗಿ ಸವೆದಿರುವುದು ಅದು ತಿರುಗುವ ಜಾಗದ ಬುಷ್ (ಲೋಹದ ಬಳೆ) ಮತ್ತು ಅದರೊಳಗಿನ ಸ್ಪಿಂಡಲ್ (ಕಡ್ಡಿ). ಲೇತಿನಲ್ಲಿ ಹೊಸ ಬುಷ್ ಮಾಡಿಸಿ ಸ್ಪಿಂಡಲ್ ಬದಲಿಸಿದರೆ ಆ ದೋಷ ನಿಲ್ಲುತ್ತದೆ. ಸ್ವಿಂಗ್‌ಆರ್ಮ್ ಸಸ್ಪೆನ್ಷನ್ನಿನೊಂದಿಗೇ 1949ರಲ್ಲಿ ಮಾರುಕಟ್ಟೆಗೆ ಬಂದ ಗಾಡಿ ಈ ಮಾದರಿಯ ಬುಲೆಟ್. ಅದರ ಮೂಲ ವಿನ್ಯಾಸವನ್ನು ದೂರುವ ಮೊದಲು ಬುಷ್ ನೋಡುವುದು ಒಳ್ಳೆಯದು.

ಇನ್ನು ಕೆಲವರಿಗೆ ಬೇಕಾಗಿರುವುದು ಹಿಂದಿನ ಡಿಸ್ಕ್ ಬ್ರೇಕ್; ಅದಕ್ಕಾಗಿಯೇ ರಾಯಲ್ ಎನ್‌ಫೀಲ್ಡಿನ ಹೊಸ ಕ್ಲಾಸಿಕ್ ಗಾಡಿಯ ಸ್ವಿಂಗ್‌ಆರ್ಮ್ ಕೇಳುತ್ತಾರೆ. ತೊಡಕು ಇರುವುದು ಇಲ್ಲಿಯೇ. ಹಳೆಯ ಬುಲೆಟ್ಟಿನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಹೊಸ ಕ್ಲಾಸಿಕ್‌ನ ಡಿಸ್ಕ್ ಬಲಗಡೆ. ಎಡ ಪೆಡಲಿನಿಂದ ಅದನ್ನು ಹಿಡಿಸಬೇಕಾದರೆ ಬ್ರೇಕ್ ಎಣ್ಣೆಯನ್ನು ಒತ್ತುವ ಮಾಸ್ಟರ್ ಸಿಲಿಂಡರಿಗೆ ಎಡಗಡೆಯಲ್ಲೇ ಜಾಗ ಹುಡುಕಬೇಕು, ಎಣ್ಣೆಯ ಹೋಸನ್ನು ಆಚೆಬದಿಗೆ ದಾಟಿಸಬೇಕು. ಪಿವಟ್ಟಿನ (ಸ್ವಿಂಗ್‌ಆರ್ಮ್ ಚಾಸಿಗೆ ಸೇರಿ ತಿರುಗುವ ಜಾಗ) ಅಗಲ, ಸ್ಪಿಂಡಲಿನ ದಪ್ಪ ಹೊಂದಬೇಕು, ಚೈನ್ ಓಡುವ ಎರಡು ಸ್ಪ್ರಾಕೆಟ್‌ಗಳೂ (ಹಲ್ಲಿನ ಚಕ್ರಗಳು) ಒಂದೇ ನೇರಕ್ಕೆ ಬರಬೇಕು. ನಾವೇ ಕೂರಿಸಿದ ಒಂದು ಗಾಡಿಯಲ್ಲಿ ಅಂತರ ತುಂಬುವ ಸ್ಪೇಸರಿನ ಅಳತೆ ತಪ್ಪಿ, ಸ್ಪ್ರಾಕೆಟ್ಟಿನ ಹಲ್ಲುಗಳು ಒಂದೇ ಬದಿಗೆ ಸವೆದವು. ತಪ್ಪು ನಮ್ಮದು, ಖರ್ಚನ್ನೂ ನಾವೇ ಭರಿಸಿದೆವು.

ಹೊಸ ಸ್ವಿಂಗ್‌ಆರ್ಮಿನಲ್ಲಿ ಶಾಕ್ ಅಬ್ಸಾರ್ಬರ್ ಹಿಡಿಯುವ ಬೋಲ್ಟ್ ಆಕ್ಸಲಿನಿಂದ (ಚಕ್ರದ ಅಚ್ಚು) ಮುಂದಕ್ಕೆ ಸರಿದರೆ ಅದೇ ಸ್ಪ್ರಿಂಗ್ ಮೆತ್ತಗಾಗುತ್ತದೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ ಗಾಡಿ ಕುಸಿಯುತ್ತದೆ. ಗೇರ್‌ಬಾಕ್ಸ್ ಸ್ಪ್ರಾಕೆಟ್, ಪಿವಟ್, ಆಕ್ಸಲ್ ಮೂರೂ ಒಂದೇ ರೇಖೆಗೆ ಬಂದಾಗ ಚೈನ್ ಅತ್ಯಂತ ಬಿಗಿಯಾಗುವುದರಿಂದ, ಸ್ಟ್ಯಾಂಡಿನ ಮೇಲೆ ಸಡಿಲವಾಗಿ ಕಂಡ ಚೈನ್ ಹಳ್ಳಕ್ಕೆ ಇಳಿದಾಗ ಬಿಗಿದುಕೊಳ್ಳಬಹುದು. ಬೆಂಗಳೂರಿನಲ್ಲಿ ಓಡಾಡುವವರಿಗೆ ಹಳ್ಳದ ವಿಷಯ ವಿವರಿಸಬೇಕಾಗಿಲ್ಲ.

ಕಾನೂನಿನ ಮಾತೂ ಇದೆ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಆರ್‌ಟಿಒ ತಪಾಸಣೆಗೆ ಹೋದಾಗ, ಚಾಸಿಯ ಮೇಲಿನ ವೆಲ್ಡಿಂಗ್ ಗುರುತಿಗೆ ಉತ್ತರ ಹೇಳಬೇಕಾದವರು ತಾವು, ನಾವಲ್ಲ.

ಈಗಾಗಲೇ ಮುಂಗಡ ಕೊಟ್ಟವರ ಗಾಡಿಯನ್ನು ಅಳತೆ ಮಾಡಿದ ನಂತರವೇ ಉತ್ತರ ಕೊಡುತ್ತೇವೆ; ಆಗದಿದ್ದರೆ ಹಣ ಪೂರ್ತಿ ಹಿಂದಿರುಗಿಸುತ್ತೇವೆ. ಹಿಂದೆ ನಮ್ಮಲ್ಲಿ ವೆಲ್ಡಿಂಗ್ ಮಾಡಿಸಿಕೊಂಡವರು ದಯವಿಟ್ಟು ಒಮ್ಮೆ ಗಾಡಿ ತಂದು ತೋರಿಸಬೇಕು. ತಪಾಸಣೆಗೆ ಹಣ ತೆಗೆದುಕೊಳ್ಳುವುದಿಲ್ಲ. ಬಿಚ್ಚಿದ ಹಳೆಯ ಸ್ವಿಂಗ್‌ಆರ್ಮ್ ನಮ್ಮಲ್ಲೇ ಉಳಿದಿದ್ದರೆ ಅದನ್ನೂ ಅಂದೇ ತೆಗೆದುಕೊಂಡು ಹೋಗಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಗ್ಯಾರೇಜಿನ ಪಾಲುದಾರರು, ಬೆಂಗಳೂರು