ಸ್ಟೇಟಸ್‌ನಲ್ಲಿ ಕಾಣದ ಭಕ್ತಿನೂ ಇದೆ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ರು ಬರೆದಿದ್ರು, ಈಗಿನ ಹುಡುಗ್ರ ದೇವರ ಭಕ್ತಿ ಎಲ್ಲಾ ವಾಟ್ಸಾಪ್ ಸ್ಟೇಟಸ್‌ಗೇ ಮುಗಿದೋಗುತ್ತೆ ಅಂತ. ಯಾವ ಧರ್ಮ ಅಂತ ಹೇಳಿಲ್ಲ, ಎಲ್ರನ್ನೂ ಒಟ್ಟಿಗೇ ಬೈದಿದ್ದಾರೆ. ನಾನು ಕೋಲಾರದ ಕ್ರೈಸ್ತ ಮನೆತನದವಳು, ನಮ್ಮ ಮನೆ ಹುಡುಗ್ರನ್ನ ಹತ್ತಿರದಿಂದ ನೋಡ್ತಿರೋಳು, ಅದಕ್ಕೇ ಎರಡು ಮಾತು ಬರೀತಿದ್ದೀನಿ.

ನನ್ನ ತಂಗಿ ಮಗ ಒಬ್ಬ ಇದ್ದಾನೆ. ಸಂಡೇ ಸ್ಕೂಲಲ್ಲಿ ಕಂಠಪಾಠ ವಾಕ್ಯಕ್ಕೆ ಒಂದು ಪ್ರೈಜೂ ಬಂದಿಲ್ಲ, ಕ್ವಯರ್‌ಗೆ ಕರೆದ್ರೆ ತಪ್ಪಿಸ್ಕೊಳ್ತಾನೆ, ಪಾದ್ರಿಗಳ ಪ್ರಸಂಗ ಶುರುವಾದ್ರೆ ಹೊರಗೆ ಬೈಕ್ ಮೇಲೆ ಕೂತಿರ್ತಾನೆ. ನಮ್ಮ ತಂಗಿಗೆ ಇದೇ ಕೊರಗು. ಅವನು ನಮ್ಮ ಎಪಿಎಂಸಿ ಟೊಮೆಟೊ ಮಾರ್ಕೆಟ್‌ನಲ್ಲಿ ಒಂದು ಮಂಡೀಲಿ ಲೆಕ್ಕ ಬರೀತಿದ್ದ. ಕೋಲಾರದ ಕಡೆಯವರಿಗೆ ಆ ಮಾರ್ಕೆಟ್ ಬಗ್ಗೆ ಹೇಳೋದೇ ಬೇಡ, ಸರಿಯಾದ ಬಿಲ್ ಬದಲು ಕೊಡೋ ಬಿಳಿ ಚೀಟಿ, ಪುಕ್ಕಟೆ ಬಾಕ್ಸ್ ಹಿಡ್ಕೊಳ್ಳೋ ಜಾಕ್‌ಪಾಟ್ ಅಂತ ರೈತ ಸಂಘದವರು ಎಷ್ಟು ಸಲ ಧರಣಿ ಕೂತಿದ್ದಾರೋ. ನೂರು ಬಾಕ್ಸ್ ತಂದ ರೈತನಿಗೆ ನೂರರ ದುಡ್ಡು ಕೈಗೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

2023ರ ಜುಲೈ ನಿಮಗೆ ನೆನಪಿರಬೇಕು, 15 ಕೆಜಿ ಬಾಕ್ಸ್ ಎರಡು ಸಾವಿರ ದಾಟಿಬಿಟ್ಟಿತ್ತು, ನಮ್ಮ ಮನೇಲೆಲ್ಲ ಬರೀ ಹುಣಸೆಹಣ್ಣಿನ ಸಾರು. ಆಗ ಒಂದು ದಿನ ಮುಳಬಾಗಿಲು ಕಡೆ ರೈತರೊಬ್ಬರ ಮಾಲು ಬಂದಿದೆ, ಐದು ಬಾಕ್ಸ್ ಕಮ್ಮಿ ಬರಿ ಅಂತ ಓನರ್ ಹೇಳಿದ್ದಾರೆ, ಇವನು ಬಂದಷ್ಟೂ ಬರೆದು ಕೊಟ್ಟಿದ್ದಾನೆ. ಅಷ್ಟು ರೇಟಲ್ಲಿ ಐದು ಬಾಕ್ಸ್ ಅಂದ್ರೆ ಹತ್ತು ಸಾವಿರಕ್ಕೂ ಮೇಲೆ. "ನಿಮ್ಮಪ್ಪನ ಮಂಡೀನೇನೋ ಇದು" ಅಂತ ಬೈಸ್ಕೊಂಡು ಬಂದಿದ್ದಾನೆ, ಮನೇಲಿ ಯಾರಿಗೂ ತುಟಿ ಬಿಚ್ಚಿಲ್ಲ. ನಮಗೆ ಗೊತ್ತಾಗಿದ್ದು ಆ ರೈತರು ಅಡ್ರೆಸ್ ಕೇಳ್ಕೊಂಡು ಒಂದು ಚೀಲ ಟೊಮೆಟೊ ಹೊತ್ತು ಮನೆ ಬಾಗಿಲಿಗೆ ಬಂದಾಗ. ಹುಡುಗ ಬೇಡವೇ ಬೇಡ ಅಂತಾನೆ, ಅವರು ಬಾಗಿಲಲ್ಲಿ ಇಟ್ಟು ಹೋಗ್ತೀನಿ ಅಂತಾರೆ, ನಮ್ಮ ತಂಗಿ ಕಣ್ಣೆಲ್ಲಾ ಚೀಲದ ಮೇಲೇನೆ! ಕೊನೆಗೆ ಸಾರಿಗೆ ಅಂತ ನಾಲ್ಕು ಹಣ್ಣು ತಗೊಂಡು, ಕಾಫಿ ಕುಡಿಸಿ ಚೀಲ ವಾಪಸ್ ಕಳಿಸಿದ್ಲು.

ಅವತ್ತು ರಾತ್ರಿ ಕುಟುಂಬ ಪ್ರಾರ್ಥನೆ ಮಾಡುವಾಗ ನಾನೂ ಅಲ್ಲೇ ಇದ್ದೆ. ದಿನಾ ತಪ್ಪದೇ "ದೇವರೇ ನನ್ನ ಮಗನಿಗೊಂದು ಗೌರ್ಮೆಂಟ್ ಕೆಲಸ ಕೊಡು" ಅಂತ ಬೇಡ್ಕೊಳ್ಳೋ ನನ್ನ ತಂಗಿ ಅವತ್ತು ಕೆಲಸದ ವಿಷಯಾನೇ ಎತ್ತಲಿಲ್ಲ, ಸ್ತೋತ್ರ ಸ್ತೋತ್ರ ಅಂದ್ಕೊಂಡೇ ಮುಗಿಸಿದ್ಲು. ಅವಳ ಮುಖ ಅಷ್ಟು ಅರಳಿದ್ದು ಅವನು ಡಿಗ್ರಿ ಪಾಸಾದಾಗಲೂ ನಾನು ನೋಡಿರಲಿಲ್ಲ.

ಸತ್ಯವೇದದಲ್ಲಿ, ಅಂದ್ರೆ ಬೈಬಲ್‌ನಲ್ಲಿ, ಯೋಹಾನ ಬರೆದ ಮೂರನೇ ಪತ್ರಿಕೆ ಅಂತ ಇದೆ, ಒಂದೇ ಅಧ್ಯಾಯ, ಕಾಫಿ ಕುಡಿಯೋದ್ರೊಳಗೆ ಓದಿ ಮುಗಿಸಬಹುದು. ನನ್ನ ಮಕ್ಕಳು ಸತ್ಯದ ದಾರೀಲಿ ನಡೀತಿದ್ದಾರೆ ಅಂತ ಕೇಳೋದಕ್ಕಿಂತ ದೊಡ್ಡ ಸಂತೋಷ ನನಗಿಲ್ಲ ಅಂತಾನೆ ಅಲ್ಲಿ. ಅದನ್ನ ಬರೆದಿದ್ದು ಗಾಯ ಅನ್ನೋನಿಗೆ, ಆ ಗಾಯ ಏನ್ ಮಾಡಿದ್ದ ಅಂದ್ರೆ ಗುರುತು ಪರಿಚಯ ಇಲ್ಲದೆ ಊರೂರು ತಿರುಗೋ ಸಹೋದರರನ್ನ ಸತ್ಕಾರ ಮಾಡಿ ಕಳಿಸಿಕೊಡ್ತಿದ್ದ, ಅಷ್ಟೇ. ಅದೇ ಪತ್ರದಲ್ಲಿ ದಿಯೊತ್ರೇಫ ಅಂತ ಇನ್ನೊಬ್ಬ ಬರ್ತಾನೆ, ಸಭೇಲಿ, ಅಂದ್ರೆ ಚರ್ಚಲ್ಲಿ, ತಾನೇ ಮುಂದೆ ಇರ್ಬೇಕು ಅನ್ನೋನು, ಬಂದವರನ್ನ ಸೇರಿಸ್ತಿರಲಿಲ್ಲ, ಸೇರಿಸ್ಕೊಳ್ಳೋರಿಗೂ ಅಡ್ಡಿ ಮಾಡ್ತಿದ್ದ. (ನಮ್ಮ ಸಭೆ ಕಮಿಟಿಗಳಲ್ಲೂ ಇಂಥವರಿಗೇನು ಬರ ಇಲ್ಲ ಬಿಡಿ, ಎಲೆಕ್ಷನ್ ಟೈಮಲ್ಲಿ ಬಂದು ನೋಡಬೇಕು.)

ಆ ಗಾಯ ಅನ್ನೋನ ಕಥೆ ಕೇಳಿದಾಗೆಲ್ಲ ನಂಗೆ ನಮ್ಮತ್ತೆ ನೆನಪಾಗೋದು. ಅವರು ಇಟಿಸಿಎಂ ಆಸ್ಪತ್ರೇಲಿ ಆಯಾ ಆಗಿದ್ದೋರು, ಮೆಥಡಿಸ್ಟ್ ಮಿಷನ್‌ನವರು ಕಟ್ಟಿಸಿದ್ದು, ಹಳಬರ ಬಾಯಲ್ಲಿ ಇವತ್ತಿಗೂ ಅದು ಮಿಷನ್ ಆಸ್ಪತ್ರೇನೆ. ರಿಟೈರ್ ಆದ್ಮೇಲೂ ಕಾಲು ನಿಲ್ಲಲ್ಲ, ಫ್ಲಾಸ್ಕಲ್ಲಿ ರಾಗಿ ಗಂಜಿ ಹಾಕ್ಕೊಂಡು ಎಸ್‌ಎನ್‌ಆರ್ ಸರ್ಕಾರಿ ಆಸ್ಪತ್ರೆಗೆ ಹೋಗ್ತಾರೆ. ಶ್ರೀನಿವಾಸಪುರ ಕಡೆಯಿಂದ ಪೇಷಂಟ್ ಜೊತೆ ಬಂದು ಹೊರಗೆ ಕೂತಿರೋರ ಹತ್ತಿರ ಕೂತು ತೆಲುಗಲ್ಲೋ ಕನ್ನಡದಲ್ಲೋ ಮೊದಲು ಕೇಳೋದು "ಊಟ ಆಯ್ತಾ" ಅಂತ. ಅವರಾಗೇ ಪ್ರಾರ್ಥನೆ ಮಾಡಮ್ಮ ಅಂದ್ರೆ ಮಾಡ್ತಾರೆ, ಕೇಳದೇ ಇದ್ರೆ ಗಂಜಿ ಕೊಟ್ಟು ಬರ್ತಾರೆ. ನನ್ನ ಮಗಳು ಈಗ ಅವರ ಜೊತೆ ಲೋಟ ತೊಳೆಯೋಕೆ ಹೋಗ್ತಾಳೆ, ನಾವ್ಯಾರೂ ಹೋಗು ಅಂದಿಲ್ಲ. ಇಂಥದ್ದು ಕಣ್ಣಾರೆ ನೋಡೋಕೆ ಸಿಕ್ಕರೆ ತಾಯಿ ಆದವಳಿಗೆ ಮನೆ ಸಾಲ ತೀರಿದಷ್ಟು ಹಗುರ.

ಒಂದು ಮಾತು ಬೇಜಾರಿಂದಲೇ ಹೇಳ್ತೀನಿ ಸಂಪಾದಕರೇ. ಪೇಪರ್‌ಗಳಲ್ಲಿ ನಮ್ಮ ಸುದ್ದಿ ಬಂದ್ರೆ ಒಂದೋ ಡಿಸೆಂಬರ್ 25ರ ನಕ್ಷತ್ರ, ಕೇಕು, ಇಲ್ಲಾ ಮತಾಂತರ ಗಲಾಟೆ. ನಡುವೆ ಇರೋ ಮುನ್ನೂರು ಚಿಲ್ಲರೆ ದಿನ ನಾವೇನ್ ಮಾಡ್ತೀವಿ ಅಂತ ಯಾರೂ ಕೇಳಲ್ಲ.

ಹುಡುಗ ಈಗ ಬೇರೆ ಮಂಡೀಲಿದ್ದಾನೆ, ಸಂಬಳ ಸ್ವಲ್ಪ ಕಮ್ಮಿ, ಅವರಪ್ಪಂಗೆ ಅದರ ಸಿಟ್ಟು ಇನ್ನೂ ಇದೆ. ನಿಮ್ಮ ವರದಿಗಾರರು ಬಿಳಿ ಚೀಟಿ ಬಗ್ಗೆ ಬರೆಯುವಾಗ ಸರಿಯಾದ ಬಿಲ್ ಕೊಡೋ ಮಂಡಿಗಳ ಬಗ್ಗೆನೂ ನಾಲ್ಕು ಲೈನ್ ಬರೀಲಿ, ಅಲ್ಲಿ ಲೆಕ್ಕ ಬರೆಯೋರು ಹಿಂದೂನೋ ಮುಸ್ಲಿಮರೋ ಕ್ರೈಸ್ತರೋ ಯಾರೇ ಆಗ್ಲಿ, ಅವರ ಅಪ್ಪ ಅಮ್ಮ ಓದಿ ಖುಷಿ ಪಡ್ತಾರೆ. ನನ್ನ ಹೆಸರು ಹಾಕ್ಬೇಡಿ, ಹುಡುಗಂಗೆ ಗೊತ್ತಾದ್ರೆ ನನ್ನ ಜೊತೆ ಮಾತು ಬಿಡ್ತಾನೆ.

ಇಂತಿ,
ನಿಮ್ಮ ಓದುಗಳು, ಕೋಲಾರ